ಕಣ್ಣಿನ ವಿಭಾಗದ ಹುಡುಕಾಟ

ಡಾಕ್ಟರುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಸಲೀಸು, ನನಗೂ ಸಲೀಸು. ಹತ್ತು ವರ್ಷ ಒಂದು ಆಸ್ಪತ್ರೆಯ ಲೈಬ್ರರಿಯಲ್ಲಿ ಕೂತವಳು ನಾನು. ಬಿಳಿ ಕೋಟುಗಳು ಬರುವಾಗಲೂ ಅವಸರ, ಹೋಗುವಾಗಲೂ ಅವಸರ, ನಡುವೆ ಒಂದೇ ಮಾತು: "ಕುಛ್ ನಿಕಾಲ್ ದೀಜಿಯೇ." ಏನಾದರೂ ತೆಗೆದುಕೊಡಿ ಅಂತ. ಏನು ಬೇಕು ಅನ್ನುವುದು ಅವರಿಗೇ ಗೊತ್ತಿರುತ್ತಿರಲಿಲ್ಲ. ನಾಳೆ ಸೆಮಿನಾರು, ವಿಷಯ ಇಂಥದ್ದು, ಅಷ್ಟೇ. ಮರುದಿನ ಅದೇ ಮನುಷ್ಯ ವೇದಿಕೆಯ ಮೇಲೆ ನಿಂತು, ಈ ವಿಷಯದಲ್ಲಿ ಬಂದಿರುವ ಲೇಖನಗಳನ್ನೆಲ್ಲ ನಾನು ಜಾಲಾಡಿದ್ದೇನೆ ಅನ್ನುತ್ತಿದ್ದ. ಜಾಲಾಡಿದವಳು ಆ ಹೊತ್ತಿಗೆ ನೆಲಮಾಳಿಗೆಯ ಲೈಬ್ರರಿಯಲ್ಲಿ ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಿರುತ್ತಿದ್ದಳು.

ಆಸ್ಪತ್ರೆ ಇದ್ದದ್ದು ದೆಹಲಿ ಮುಗಿದು ಘಾಜಿಯಾಬಾದ್ ಶುರುವಾಗುವ ಕಡೆ. ಯಾವುದೋ ಟ್ರಸ್ಟಿನವರದು, ಹೆಸರು ಬೇಡ. ಮಯೂರ್ ವಿಹಾರಿನ ನಮ್ಮ ಎರಡು ಕೋಣೆಯ ಫ್ಲ್ಯಾಟಿನ ಕಡೆಯಿಂದ ನಡುದೆಹಲಿಗೆ ಹೋಗುವ ಜನವೆಲ್ಲ ಒಂದು ದಿಕ್ಕಿಗೆ ನುಗ್ಗಿದರೆ ನಾನು ಇನ್ನೊಂದು ದಿಕ್ಕಿನ ಬಸ್ಸು ಹಿಡಿಯುತ್ತಿದ್ದೆ. ಬಸ್ಸಿನಲ್ಲಿ ಸೀಟು ಸಿಗುತ್ತಿತ್ತು. ಆ ಕೆಲಸದಲ್ಲಿ ನನಗೆ ಸಿಕ್ಕ ಸುಖ ಅಂದರೆ ಅದೊಂದೇ.

ಗದಗಿನ ಕಡೆಯವಳು ನಾನು. ಲೈಬ್ರರಿ ಸೈನ್ಸ್ ಓದಿದ್ದೆ, ಮದುವೆಯಾಗಿ ಗಂಡನ ಕೆಲಸದ ಹಿಂದೆ ದೆಹಲಿಗೆ ಬಂದಿದ್ದೆ. ಆಸ್ಪತ್ರೆಯಲ್ಲಿ ನನ್ನದು ಕರಾರಿನ ನೌಕರಿ. ಆರು ತಿಂಗಳಿಗೊಮ್ಮೆ ಕರಾರು ಮುಗಿಯಬೇಕು, ಒಂದು ದಿನ ನಾನು ಮನೆಯಲ್ಲಿರಬೇಕು, ಮರುದಿನ ಹೊಸ ಕರಾರಿನ ಮೇಲೆ ಮತ್ತೆ ಬರಬೇಕು. ಆ ಒಂದು ದಿನಕ್ಕೆ 'ಬ್ರೇಕ್' ಅನ್ನುತ್ತಿದ್ದರು. ಸತತವಾಗಿ ದುಡಿದಿದ್ದೇನೆ, ಕಾಯಂ ಮಾಡಿ ಅಂತ ಯಾರೂ ಕೋರ್ಟಿಗೆ ಹೋಗಬಾರದಲ್ಲ, ಅದಕ್ಕೆ. ಹಿಂದಿನ ಸಂಜೆ ಗುರುತಿನ ಚೀಟಿಯನ್ನು ಗೇಟಿನಲ್ಲಿ ಕೊಟ್ಟು ಹೋಗಬೇಕಿತ್ತು. ಈ ಕತೆ ನಡೆಯುವ ಹೊತ್ತಿಗೆ, ಏಳು ವರ್ಷದಲ್ಲಿ, ಹದಿನಾಲ್ಕು ಸಲ ಕೊಟ್ಟಿದ್ದೆ. ಗೇಟಿನ ಭಯ್ಯಾ ಪ್ರತಿ ಸಲವೂ ನನ್ನ ಫೋಟೋವನ್ನೂ ಮುಖವನ್ನೂ ಹೋಲಿಸಿ ನೋಡುತ್ತಿದ್ದ, ಅಷ್ಟು ದಿನ ದಿನಾ ಬೆಳಿಗ್ಗೆ ನಮಸ್ತೇ ಹೇಳಿದವನೇ.

ಇಂಥ ಜಾಗದಲ್ಲಿ ನನ್ನದು ಅಂತ ಇದ್ದದ್ದು ಒಂದೇ, ಜಾಲತಾಣದ ಒಂದು ಖಾತೆ.

ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನೆಲ್ಲ ಪಟ್ಟಿ ಮಾಡಿಟ್ಟ ಜಾಲತಾಣವೊಂದಿದೆ, ಡಾಕ್ಟರುಗಳೆಲ್ಲ ಬಲ್ಲದ್ದು. ನಾನು ಹೇಳುತ್ತಿರುವ ಕಾಲಕ್ಕೆ, ಅಂದರೆ ಎರಡು ಸಾವಿರದ ಆರೇಳರ ಸುಮಾರಿಗೆ, ಅಲ್ಲಿ ಯಾರು ಬೇಕಾದರೂ ಸ್ವಂತ ಖಾತೆ ತೆರೆಯಬಹುದಿತ್ತು. ಒಂದು ಹೆಸರು, ಒಂದು ಪಾಸ್‌ವರ್ಡ್, ಕಾಸಿಲ್ಲ. ಮಾಡಿದ ಹುಡುಕಾಟವನ್ನು ಅದರಲ್ಲಿ ಉಳಿಸಿಡಬಹುದು, ಹೆಸರು ಕೊಡಬಹುದು, ಆರಿಸಿದ ಲೇಖನಗಳನ್ನು ಬೇರೆ ಬೇರೆ ಕಟ್ಟು ಮಾಡಿ ಇಡಬಹುದು. ಆಮೇಲೆ ಆ ವಿಷಯದಲ್ಲಿ ಹೊಸ ಲೇಖನ ಬಂದರೆ ವಾರಕ್ಕೊಮ್ಮೆ ನಾವು ಹೇಳಿದ ವಿಳಾಸಕ್ಕೆ ಜಾಲತಾಣವೇ ಈಮೇಲ್ ಕಳಿಸುತ್ತದೆ.

ಹುಡುಕುವುದು ಅಂದರೆ ಒಂದು ಪದ ಬರೆದು ಗುಂಡಿ ಒತ್ತುವುದಲ್ಲ. ಒಂದು ಕಾಯಿಲೆಗೆ ನಾಲ್ಕು ಹೆಸರಿರುತ್ತದೆ, ನಾಲ್ಕನ್ನೂ ಹಾಕಬೇಕು. ಇಲಿಗಳ ಮೇಲೆ ಮಾಡಿದ ಪ್ರಯೋಗ ಬೇಡವೆಂದರೆ ಅದನ್ನು ತೆಗೆಯಬೇಕು. ತೆಗೆಯುವಾಗ ಬೇಕಾದ್ದು ಜಾರಿಹೋಗದಂತೆ ನೋಡಬೇಕು. ಒಂದೊಂದನ್ನು ಕಟ್ಟಿ ನಿಲ್ಲಿಸಲು ನನಗೆ ಅರ್ಧ ದಿನ ಹಿಡಿದದ್ದೂ ಇದೆ. ಚಳಿಗಾಲದಲ್ಲಿ ಕೇಳಿ ಮರೆತ ಡಾಕ್ಟರು ಮಳೆಗಾಲದಲ್ಲಿ ಬಂದು "ಅದೇ, ಅವತ್ತು ಕೊಟ್ಟಿದ್ದಿರಲ್ಲ" ಅನ್ನುತ್ತಿದ್ದರು. ಅದಕ್ಕೆಂದೇ ಖಾತೆ ತೆರೆದೆ. ನನ್ನ ಸ್ವಂತ ಈಮೇಲಿನಲ್ಲಿ, ನನ್ನ ಹೆಸರಿನಲ್ಲಿ. ಒಂದೊಂದು ವಿಭಾಗಕ್ಕೆ ಒಂದೊಂದು ಕಟ್ಟು, ಒಳಗೆ ನಂಬರು. ಹೃದಯ ಏಳು, ಮೂಳೆ ಹನ್ನೆರಡು, ಕಣ್ಣು ಮೂವತ್ತನಾಲ್ಕು. ಯಾರು ಕೇಳಿದ್ದು ಅನ್ನುವುದು ನನ್ನ ತಲೆಯಲ್ಲಿರುತ್ತಿತ್ತು. ಅಡುಗೆಮನೆಯಲ್ಲೂ ನಾನು ಇಷ್ಟು ಚೊಕ್ಕವಾಗಿ ಡಬ್ಬಿ ಜೋಡಿಸಿಟ್ಟವಳಲ್ಲ.

ಕಣ್ಣಿನ ಕಟ್ಟು ಎಲ್ಲಕ್ಕಿಂತ ದಪ್ಪ. ಕಾರಣ ಕಣ್ಣಿನ ವಿಭಾಗದ ಮುಖ್ಯಸ್ಥರು.

ಮೈಸೂರಿನ ಕಡೆಯವರು. ನಾನು ಕನ್ನಡದವಳೆಂದು ತಿಳಿದ ದಿನ ಲೈಬ್ರರಿಗೆ ತಾವೇ ಇಳಿದು ಬಂದಿದ್ದರು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಎದ್ದು ನಿಂತು ಕುರ್ಚಿ ಒರೆಸಿದ್ದೆ. ಏನೋ ಲೇಖನ ಕೇಳಿದರು. "ಯಾವಾಗ ಬೇಕ್ರಿ ಸರ್?" ಅಂದೆ. ಅವರು ನಕ್ಕರು.

"ಓಹೋ, ಆ ಕಡೆಯವರು. ಇನ್ನೊಂದ್ಸಲ ಹೇಳಮ್ಮ, ಬೇಕ್ರೀ..." ಅಂತ ನನ್ನ ಧಾಟಿಯನ್ನು ಎಳೆದು ಹೇಳಿದರು. ಜೊತೆಗಿದ್ದ ಕಿರಿಯ ಡಾಕ್ಟರರಿಗೆ ಕನ್ನಡ ಬಾರದು, ಆದರೂ ಸಾಹೇಬರು ನಗುತ್ತಿದ್ದಾರಲ್ಲ ಅಂತ ಅವರೂ ನಕ್ಕರು. ಅಂದಿನಿಂದ ಅವರೆದುರು ನನ್ನ ಬಾಯಿಂದ ಆ 'ರಿ' ಹೊರಬರದಂತೆ ಕಾದುಕೊಂಡೆ. ಕಾದುಕೊಂಡಷ್ಟೂ ಸಿಟ್ಟು ಬೆಳೆಯಿತು.

ಅವರಿಗೆ ನಾನು 'ನಮ್ಮ ಹುಡುಗಿ'. ಮೂವತ್ತಾರು ದಾಟಿದ್ದ, ಮಗಳನ್ನು ಸ್ಕೂಲಿಗೆ ಕಳಿಸುತ್ತಿದ್ದ ಹುಡುಗಿ. ನಮ್ಮ ಹುಡುಗಿಯ ಕೈಲಿ ವರ್ಷಕ್ಕೆ ಹತ್ತು ಭಾಷಣಕ್ಕೆ ಬೇಕಾದ್ದನ್ನು ತೆಗೆಸಿಕೊಳ್ಳುತ್ತಿದ್ದರು. ಭಾಷಣದ ಕೊನೆಗೆ ಕೃತಜ್ಞತೆಯ ಪಟ್ಟಿಯಲ್ಲಿ ನರ್ಸುಗಳಿರುತ್ತಿದ್ದರು, ಫೋಟೋ ತೆಗೆದವನಿರುತ್ತಿದ್ದ, ನಾನಿರುತ್ತಿರಲಿಲ್ಲ. ಒಮ್ಮೆ ನನ್ನೆದುರಿಗೇ ನಮ್ಮ ಮುಖ್ಯ ಗ್ರಂಥಪಾಲಕರಿಗೆ ಇಂಗ್ಲಿಷಿನಲ್ಲಿ ಹೇಳಿದರು: ಇದೆಲ್ಲ ಟೈಪಿಸ್ಟಿನ ಕೆಲಸ, ಇದಕ್ಕೆ ಡಿಗ್ರಿ ಯಾಕೆ? ಮುಖ್ಯ ಗ್ರಂಥಪಾಲಕರು ನಿವೃತ್ತಿಗೆ ದಿನ ಎಣಿಸುತ್ತಿದ್ದವರು. ಅಚ್ಛಾ ಸರ್, ಅಚ್ಛಾ ಸರ್ ಅಂದರು.

ಇಲ್ಲಿ ಅವರನ್ನು ಬಹುವಚನದಲ್ಲೇ ಬರೆಯುತ್ತಿದ್ದೇನೆ. ಗೌರವವೇನೂ ಅಲ್ಲ, ರೂಢಿ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವರು ಒಬ್ಬರೇ ಬರತೊಡಗಿದರು. ಜೊತೆಗೆ ಕಿರಿಯರಿಲ್ಲ. ಮಧ್ಯಾಹ್ನ, ಜನ ಇಲ್ಲದ ಹೊತ್ತು ನೋಡಿ ಬಂದು ಕೌಂಟರಿಗೆ ಮೊಣಕೈ ಊರಿ ನಿಲ್ಲುತ್ತಿದ್ದರು. ಮುಖ್ಯ ಗ್ರಂಥಪಾಲಕರು ನಾಲ್ಕು ಹೆಜ್ಜೆ ಆಚೆ ಕೂತಿದ್ದರೂ ಗಲಿಬಿಲಿಯಿಲ್ಲ, ಯಾಕೆಂದರೆ ಮಾತು ಕನ್ನಡದಲ್ಲಿ. ದೆಹಲಿಯಲ್ಲಿ ನಾವೆಲ್ಲ ಹೀಗೇ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಮಂದಿಯ ಮಧ್ಯೆ ನಿಂತು ಮನೆಯ ಗುಟ್ಟನ್ನೆಲ್ಲ ಕನ್ನಡದಲ್ಲಿ ಆಡಿಕೊಂಡು ಯಾರಿಗೂ ತಿಳಿಯಲಿಲ್ಲ ಅಂದುಕೊಳ್ಳುವವರು.

"ಒಬ್ಬ ಪೇಷಂಟ್ ಇದಾನಮ್ಮ. ಐವತ್ನಾಲ್ಕು ವರ್ಷ. ಬಲಗೈ ನಡುಗುತ್ತೆ, ಬರೀ ಬಲಗೈ. ಸುಮ್ನೆ ಕೂತಾಗ ಜಾಸ್ತಿ. ಶುರುವಿನಲ್ಲೇ ಕಂಡುಹಿಡಿಯೋದರ ಬಗ್ಗೆ ಏನೇನಿದೆ, ಸ್ವಲ್ಪ ನೋಡು."

ನೋಡಿದೆ, ಕೊಟ್ಟೆ, ಉಳಿಸಿದೆ. ಕಣ್ಣು ನಲವತ್ತೊಂದು. ಎರಡು ವಾರದ ನಂತರ ಮತ್ತೆ ಬಂದರು. ಅದೇ ಪೇಷಂಟಂತೆ. ನಡುಕವನ್ನು ಕೆಲವು ಗಂಟೆಯ ಮಟ್ಟಿಗೆ ಹಿಡಿದಿಡುವ ಔಷಧಿಗಳು. ನಲವತ್ತೆರಡು. ಆಮೇಲೆ, ಕೈಯಿಂದ ಸೂಕ್ಷ್ಮ ಕೆಲಸ ಮಾಡುವವರು, ವಾದ್ಯ ನುಡಿಸುವವರು, ಗಡಿಯಾರ ರಿಪೇರಿಯವರು, ಆಪರೇಷನ್ ಮಾಡುವವರು, ಇಂಥವರಿಗೆ ಈ ಕಾಯಿಲೆ ಬಂದರೆ ಚಿಕಿತ್ಸೆಯ ನಂತರ ಕೆಲಸಕ್ಕೆ ಮರಳಿದ್ದುಂಟೇ? ಅದು ನಲವತ್ತಮೂರು. ಮತ್ತೊಂದು ಸಲ, ಕೊಂಚ ತಡೆದು, ಆಪರೇಷನ್ ನಿಲ್ಲಿಸಿದ ಸರ್ಜನ್ನುಗಳು ಪಾಠ ಹೇಳುವುದಕ್ಕೆ ಹೊರಳಿಕೊಂಡ ಬಗ್ಗೆ ಯಾರಾದರೂ ಬರೆದಿದ್ದಾರಾ ಅಂತ. ನಲವತ್ತನಾಲ್ಕು.

ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಖಾತೆಯಲ್ಲಿ ಹಾಗಲ್ಲ. ತಾರೀಖಿನ ಸಮೇತ ಒಂದರ ಕೆಳಗೊಂದು ಕೂತಿರುತ್ತವೆ. ಒಂದು ದಿನ ಪಟ್ಟಿ ಸರಿಮಾಡುತ್ತ ಕೂತಿದ್ದಾಗ ಈ ನಾಲ್ಕನ್ನೂ ಒಟ್ಟಿಗೆ ನೋಡಿದೆ. ಕಣ್ಣಿನ ಡಾಕ್ಟರರಿಗೆ ಕೈ ನಡುಗುವ ಪೇಷಂಟು ಎಲ್ಲಿಂದ ಬಂದ? ಮುಂದಿನ ಸಲ ಬಂದಾಗ ಅವರ ಬಲಗೈ ನೋಡಿದೆ. ಅದು ಕೋಟಿನ ಜೇಬಿನಲ್ಲಿತ್ತು. ಸಹಿಗೆಂದು ಪುಸ್ತಕದ ರಿಜಿಸ್ಟರು ಮುಂದಿಟ್ಟೆ. "ನೀನೇ ಬರ್ಕೊಳಮ್ಮ" ಅಂದರು.

ಆಗ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಖುಷಿಯಾಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಅದೊಂದೇ ಯೋಚನೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಜುಟ್ಟು ನನ್ನ ಕೈಯಲ್ಲಿತ್ತು. ಅದನ್ನು ಏನಾದರೂ ಮಾಡಬೇಕು ಅಂತೇನೂ ಆಗ ಅಂದುಕೊಂಡಿರಲಿಲ್ಲ. ಇಟ್ಟುಕೊಂಡಿರುವುದೇ ಸಾಕೆನಿಸಿತ್ತು.

ಹೊಸ ವರ್ಷಕ್ಕೆ ಟ್ರಸ್ಟಿನವರು ಲೈಬ್ರರಿಗೆ ಒಂದು ಕಾಯಂ ಹುದ್ದೆ ಮಂಜೂರು ಮಾಡಿದರು. ಸಹಾಯಕ ಗ್ರಂಥಪಾಲಕರು, ಒಂದೇ ಒಂದು. ಏಳು ವರ್ಷ ಆ ನೆಲಮಾಳಿಗೆಯನ್ನು ನಡೆಸಿದವಳು ನಾನು. ಅದು ನನ್ನದೇ ಅಂದುಕೊಂಡೆ, ಬೇರೆಯವರೂ ಹಾಗೇ ಅಂದರು. ಇನ್ನು ಮೇಲೆ ಗೇಟಿನಲ್ಲಿ ಚೀಟಿ ಕೊಡುವುದಿಲ್ಲ, ಬ್ರೇಕ್ ಇಲ್ಲ, ರಜೆ ಹಾಕಿದರೆ ಯಾರ ಕಾಲನ್ನೂ ಹಿಡಿಯಬೇಕಿಲ್ಲ ಅಂತ ಮನೆಯಲ್ಲಿ ಹೇಳಿಕೊಂಡು ಓಡಾಡಿದೆ. ಮಗಳು ಹಿಂದಿಯಲ್ಲಿ, "ಮಮ್ಮಿ ಪಕ್ಕಾ ಹೋ ಗಯೀ?" ಅಂತ ಕೇಳಿದಳು, ಕಾಯಂ ಆಯಿತಾ ಅಂತ. ಇನ್ನೂ ಇಲ್ಲ ಪುಟ್ಟಿ, ಸಂದರ್ಶನ ಆಗಲಿ ಅಂದೆ. ಸಂದರ್ಶನ ಸಮಿತಿಯ ಅಧ್ಯಕ್ಷರು ಯಾರೆಂದರೆ ಕಣ್ಣಿನ ವಿಭಾಗದ ಮುಖ್ಯಸ್ಥರು.

ಸಂದರ್ಶನಕ್ಕೆ ಮೂರು ದಿನ ಇದ್ದಾಗ ಅವರು ಬಂದರು.

"ನಿನ್ನ ಆ ಅಕೌಂಟ್‌ನಲ್ಲಿ ನಾನು ಕೇಳಿದ್ದೆಲ್ಲ ಇದೆಯೇನಮ್ಮ?"

"ಇದೆ ಸರ್. ಎಲ್ಲಾ ಜೋಡಿಸಿಟ್ಟಿದೀನಿ."

"ಆ ನಡುಕದ್ದು, ಅದನ್ನೆಲ್ಲ ಅಳಿಸಿಬಿಡು. ಇನ್ನೇನು ಬೇಕಾಗಲ್ಲ."

"ಪೇಷಂಟ್ ಹೇಗಿದ್ದಾರೆ ಸರ್?" ಅಂದೆ.

ಯಾಕೆ ಕೇಳಿದೆನೋ! ಬಾಯಿ ತಪ್ಪಿ ಬಂದ ಮಾತಲ್ಲ. ಅವರ ಮುಖ ಹೇಗಾಗುತ್ತದೆ ನೋಡೋಣ ಅಂತಲೇ ಕೇಳಿದ್ದು. ಮುಖದಲ್ಲಿ ಏನೂ ಆಗಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು, ಮೆಟ್ಟಿಲು ಹತ್ತಿ ಹೋದರು. ನಾನು ಅಳಿಸಲಿಲ್ಲ. ಅದು ನನ್ನ ಖಾತೆ, ಅವರು ಹೇಳಿದ ಕೂಡಲೇ ಅಳಿಸಲು ಅವರ ಸ್ಲೇಟಲ್ಲ.

ಸಂದರ್ಶನ ಏಳು ನಿಮಿಷ ನಡೆಯಿತು. ಆ ಕೋಣೆಯಲ್ಲಿ ಅವರು ಕನ್ನಡ ಬಲ್ಲವರೆಂಬ ಗುರುತೂ ಇರಲಿಲ್ಲ. ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು: ಆಸ್ಪತ್ರೆಯ ಡಾಕ್ಟರುಗಳ ಕೆಲಸವನ್ನು ನೀವು ಸ್ವಂತದ ಖಾತೆಯಲ್ಲಿ, ಸ್ವಂತದ ಈಮೇಲಿನಲ್ಲಿ ಇಟ್ಟುಕೊಂಡಿದ್ದೀರಂತೆ, ಅದಕ್ಕೆ ಅನುಮತಿ ಕೊಟ್ಟವರು ಯಾರು? ಉಳಿದಿಬ್ಬರು ಸದಸ್ಯರು ಪೆನ್ನು ಕೆಳಗಿಟ್ಟು ನನ್ನತ್ತ ನೋಡಿದರು. ಆಸ್ಪತ್ರೆ ನನಗೆ ಈಮೇಲ್ ಕೊಟ್ಟಿಲ್ಲ, ಕರಾರಿನವರಿಗೆ ಕೊಡುವುದಿಲ್ಲ ಅಂದೆ. ಅಂದರೆ ಅನುಮತಿ ಇಲ್ಲ, ಅಂದರು. ಮುಗಿಯಿತು. ಹುದ್ದೆ ಮೀರಠದಿಂದ ಬಂದ ಒಬ್ಬ ಹುಡುಗನಿಗೆ ಹೋಯಿತು. ಪಾಪ, ಅವನ ಮೇಲೆ ನನಗೇನೂ ಇಲ್ಲ. ಹುಡುಕುವುದು ಹೇಗೆಂದು ಅವನಿಗೆ ಕಲಿಸಿಕೊಡುವ ಕೆಲಸವನ್ನು ನನಗೇ ಹಚ್ಚಿದರು.

ಇನ್ನು ನಾನು ಮಾಡಿದ್ದು.

ಆ ಆಸ್ಪತ್ರೆಯಲ್ಲಿ ಒಂದೊಂದು ವಿಭಾಗಕ್ಕೆ ಒಂದೊಂದು ಈಮೇಲ್ ಇತ್ತು. ಅದನ್ನು ತೆರೆಯುತ್ತಿದ್ದವನು ವಿಭಾಗದ ಗುಮಾಸ್ತ. ಬಂದ ಈಮೇಲನ್ನು ಅವನು ಪ್ರಿಂಟ್ ತೆಗೆಯುತ್ತಿದ್ದ, ಮೊಹರು ಒತ್ತುತ್ತಿದ್ದ, ಆವಕ ನಂಬರು ಹಾಕುತ್ತಿದ್ದ, ಫೈಲಿನಲ್ಲಿ ಸಿಕ್ಕಿಸಿ ವಿಭಾಗದ ಎಲ್ಲ ಹಿರಿಯ ಡಾಕ್ಟರುಗಳ ಸಹಿಗೆ ತಿರುಗಿಸುತ್ತಿದ್ದ. ಕಾಗದ ಬಂದರೆ ಏನು ಮಾಡುತ್ತಿದ್ದರೋ ಅದನ್ನೇ ಈಮೇಲಿಗೂ ಮಾಡುತ್ತಿದ್ದರು. ಪೊರೆಯ ಬಗ್ಗೆ, ರೆಟಿನಾದ ಬಗ್ಗೆ ನಾನು ಉಳಿಸಿಟ್ಟ ಹುಡುಕಾಟಗಳ ವಾರದ ಮಾಹಿತಿ ಮೊದಲಿನಿಂದಲೂ ಹೀಗೆ ಸಹಿಯಾಗಿ ತಿರುಗುತ್ತಿತ್ತು. ನಡುಕದ ನಾಲ್ಕು ಮಾತ್ರ ಯಾವ ವಿಳಾಸಕ್ಕೂ ಹೋಗದಂತೆ ಸುಮ್ಮನಿದ್ದವು.

ಸಂದರ್ಶನದ ಫಲಿತಾಂಶ ಬಂದ ದಿನ ಮಧ್ಯಾಹ್ನ ಕಣ್ಣು ನಲವತ್ತಮೂರನ್ನು ತೆರೆದೆ. ಹೆಸರು ಬದಲಿಸಿದೆ. 'ಕೈ ನಡುಗುವ ಸರ್ಜನ್, ಆಪರೇಷನ್ನಿಗೆ ಮರಳುವುದು, ವಿಭಾಗದ ಮುಖ್ಯಸ್ಥರಿಗಾಗಿ' ಅಂತ ಇಂಗ್ಲಿಷಿನಲ್ಲಿ ನೀಟಾಗಿ ಟೈಪು ಮಾಡಿದೆ. ವಿಳಾಸದ ಜಾಗದಲ್ಲಿ ವಿಭಾಗದ ಈಮೇಲ್. ವಾರಕ್ಕೊಮ್ಮೆ, ಸೋಮವಾರ. ಗುಂಡಿ ಒತ್ತುವಾಗ ನನ್ನ ಕೈ ನಡುಗಲಿಲ್ಲ. ಒತ್ತಿ, ಡಬ್ಬಿ ಬಿಚ್ಚಿ ಚಪಾತಿ ತಿಂದೆ.

ಸೋಮವಾರ ಬಂತು. ಗುಮಾಸ್ತ ಪ್ರಿಂಟ್ ತೆಗೆದ, ಮೊಹರು ಒತ್ತಿದ. ಇಂಗ್ಲಿಷ್ ಓದಬಲ್ಲವನೇ, ಆದರೆ ಓದುವುದು ಅವನ ಕೆಲಸವಲ್ಲ. ಮೂರು ಜನರ ಸಹಿ ಬಿತ್ತು. ಮೂರನೆಯವರು ಸಹಿ ಹಾಕಿ ಫೈಲನ್ನು ಮುಂದಕ್ಕೆ ಕಳಿಸದೆ, ಮೇಲಿನ ಮಹಡಿಗೆ ಆಸ್ಪತ್ರೆಯ ಸೂಪರಿಂಟೆಂಡೆಂಟರ ಕೋಣೆಗೆ ಒಯ್ದರು. ಆ ಮೂರನೆಯವರಿಗೆ ಮುಖ್ಯಸ್ಥರ ಕುರ್ಚಿಯ ಮೇಲೆ ಕಣ್ಣಿತ್ತೆಂದು ಆಮೇಲೆ ತಿಳಿಯಿತು. ಗುರುವಾರದ ಹೊತ್ತಿಗೆ ಕ್ಯಾಂಟೀನಿನಲ್ಲಿ ಬೇರೆ ಮಾತಿರಲಿಲ್ಲ.

ನನ್ನನ್ನು ಕರೆಸಿದರು. ಸೂಪರಿಂಟೆಂಡೆಂಟರ ಮೇಜಿನ ಮೇಲೆ ಆ ಪ್ರಿಂಟಿತ್ತು, ಮೊಹರಿನ ನೇರಳೆ ಮಸಿ ಇನ್ನೂ ಹೊಸದಾಗಿತ್ತು. "ಯೇ ಕೈಸೇ ಹುವಾ?" ಅಂದರು. ತಪ್ಪಿ ಆಯಿತು ಸರ್, ಬೇರೆ ಹುಡುಕಾಟಗಳ ಜೊತೆ ಇದಕ್ಕೂ ವಿಳಾಸ ಸೇರಿಹೋಯಿತು ಅಂದೆ. ಕಣ್ಣಲ್ಲಿ ನೀರು ಬರಿಸಿಕೊಂಡೆ, ಅದೂ ಬಂತು. ಮರುಮಾತಿಲ್ಲದೆ ನಂಬಿದರು. ಕರಾರಿನ ಹೆಂಗಸಿಗೆ ಬೇಕೆಂದೇ ಏನಾದರೂ ಮಾಡುವಷ್ಟು ತಲೆ ಇರುತ್ತದೆಂದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಮಾನದಲ್ಲೂ ಒಮ್ಮೊಮ್ಮೆ ಇಂಥ ಅನುಕೂಲವಿರುತ್ತದೆ.

ಕೆಳಗೆ ಬಂದವಳೇ ಹೆದರಿದೆ. ನಲವತ್ತೊಂದರಿಂದ ನಲವತ್ತನಾಲ್ಕರವರೆಗೆ ಅಳಿಸಿದೆ. ಸಾಲಲಿಲ್ಲ, ಕಣ್ಣಿನ ಕಟ್ಟನ್ನು ಪೂರ್ತಿ ಅಳಿಸಿದೆ. 'ಖಚಿತವೇ?' ಎಂದು ಕಂಪ್ಯೂಟರು ಒಂದು ಸಲ ಕೇಳಿತು, ಹೌದೆಂದೆ. ನಾಲ್ಕು ವರ್ಷದ ಕೆಲಸ ಒಂದೇ ಒತ್ತಿಗೆ ಹೋಯಿತು. ಮೀರಠದ ಹುಡುಗ ಪಕ್ಕದಲ್ಲೇ ಕೂತು ಹೊಸ ಪುಸ್ತಕಗಳಿಗೆ ನಂಬರು ಅಂಟಿಸುತ್ತಿದ್ದ.

ಮನೆಗೆ ಹೋಗುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಡುಗುವ ಕೈಯಲ್ಲಿ ಮನುಷ್ಯರ ಕಣ್ಣಿಗೆ ಚಾಕು ಹಾಕುತ್ತಿದ್ದರಲ್ಲ, ಅದನ್ನು ತಡೆದೆ. ಕಾರಣ ಏನಾದರೂ ಇರಲಿ, ನಾಲ್ಕು ಜನರ ಕಣ್ಣು ಉಳಿಯಿತು. ಈ ಮಾತು ನನಗೆ ಬಹಳ ಹಿಡಿಸಿತು. ಎರಡು ವಾರ ಅದನ್ನೇ ನಂಬಿಕೊಂಡು ನೆಮ್ಮದಿಯಾಗಿದ್ದೆ.

ಆಮೇಲೆ ಒಂದು ದಿನ ಕಣ್ಣಿನ ವಿಭಾಗದಲ್ಲಿ ಓದುತ್ತಿದ್ದ ಮಂಗಳೂರಿನ ಹುಡುಗಿ ಬಂದಳು. ಇನ್ನೂ ಕಲಿಯುತ್ತಿರುವ ಡಾಕ್ಟರು, ಹಬ್ಬಕ್ಕೆ ನಮ್ಮ ಮನೆಗೆ ಬಂದು ಉಂಡು ಹೋಗುತ್ತಿದ್ದವಳು. ಪುಸ್ತಕ ವಾಪಸು ಕೊಟ್ಟಳು, ಆದರೂ ಹೋಗದೆ ನಿಂತಳು. ಏನಾದರೂ ಹೇಳಲಿ ಅಂತ ನಾನೇ ಮಾತೆತ್ತಿದೆ.

"ನಿಮ್ಮ ಸರ್ ಅಂಥಾ ಕೈಯಲ್ಲಿ ಆಪರೇಷನ್ ಮಾಡ್ತಿದ್ದರಲ್ಲ, ನಿಮಗ್ಯಾರಿಗೂ ಗೊತ್ತಾಗಲಿಲ್ವಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಸರ್ ದೀಪಾವಳಿಯಿಂದ ಆಪರೇಷನ್ ಮಾಡಿಯೇ ಇಲ್ಲ ಮೇಡಂ. ಒಂದೂ ಮಾಡಿಲ್ಲ. ನಮ್ಮ ಹಿಂದೆ ನಿಂತು ಹೇಳಿಕೊಡ್ತಿದ್ರು, ಅಷ್ಟೇ. ಇಡೀ ಡಿಪಾರ್ಟ್‌ಮೆಂಟಿಗೆ ಗೊತ್ತಿತ್ತು. ಟ್ರೀಟ್‌ಮೆಂಟ್ ಶುರುವಾಗಿದೆ, ಆರು ತಿಂಗಳು ನೋಡೋಣ, ಮೇಲಿನವರಿಗೆ ಈಗಲೇ ಬೇಡ ಅಂತ ನಾವೇ ಸುಮ್ಮನಿದ್ವಿ. ನಾನು ಪೊರೆ ತೆಗೆಯೋದು ಕಲಿತದ್ದೇ ಈ ನಾಲ್ಕು ತಿಂಗಳಲ್ಲಿ." ಇನ್ನೂ ಏನೋ ಹೇಳುವವಳಿದ್ದಳು. "ಹೇಗಾಯ್ತೋ ಏನೋ ಮೇಡಂ, ಆ ಮೇಲ್ ಬರಬಾರದಿತ್ತು" ಅಂದು ಹೋದಳು.

ನನಗೆ ಮೊದಲೇ ಗೊತ್ತಾಗಬೇಕಿತ್ತು. ಆಪರೇಷನ್ ನಿಲ್ಲಿಸಿದ ಸರ್ಜನ್ನುಗಳು ಪಾಠಕ್ಕೆ ಹೊರಳಿದ ಬಗ್ಗೆ ಏನಿದೆ ಅಂತ ಅವರೇ ನನ್ನ ಕೌಂಟರಿನಲ್ಲಿ ನಿಂತು ಕೇಳಿದ್ದರು. ನಾನೇ ಟೈಪು ಮಾಡಿದ್ದೆ, ನಾನೇ ನಂಬರು ಕೊಟ್ಟಿದ್ದೆ. ಬೇರೆ ಯಾವ ಡಾಕ್ಟರು ಕೇಳಿದ್ದರೂ ನಾಲ್ಕು ಹುಡುಕಾಟವನ್ನು ಓದಿ, ಈ ಮನುಷ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದಾನೆ ಅಂತ ಹೇಳಬಲ್ಲವಳು ನಾನು. ಅದೇ ನನ್ನ ವಿದ್ಯೆ. ಇವರದ್ದನ್ನು ಮಾತ್ರ ನಾನು ನನಗೆ ಬೇಕಾದ ಹಾಗೆ ಓದಿಕೊಂಡಿದ್ದೆ. ಅವರ ಮೇಲೆ ಸಿಟ್ಟು ಇಳಿಯಿತೆಂದು ತಿಳಿಯಬೇಡಿ, ಇಳಿಯಲಿಲ್ಲ. ಆ ಏಳು ನಿಮಿಷ ಹಾಗೆಯೇ ಇತ್ತು. ಅದರ ಜೊತೆಗೆ ಈಗ ನನ್ನ ಮೇಲೂ ಸಿಟ್ಟು ಬಂತು.

ಅವರನ್ನು ಮುಖ್ಯಸ್ಥರ ಸ್ಥಾನದಿಂದ ಇಳಿಸಿದರು. ಪಾಠಕ್ಕಾದರೂ ಇಟ್ಟುಕೊಳ್ಳುತ್ತಾರೆಂದು ಕೆಲವರು ಅಂದುಕೊಂಡಿದ್ದರು. ವಿಷಯ ಟ್ರಸ್ಟಿನ ತನಕ ಹೋಗಿತ್ತಲ್ಲ, ಇಟ್ಟುಕೊಳ್ಳಲಿಲ್ಲ. ರಾಜೀನಾಮೆ ಬರೆಸಿಕೊಂಡರು.

ಕೆಲಸ ಬಿಡುವವರು 'ಬಾಕಿ ಇಲ್ಲ' ಎಂಬ ಫಾರಂ ಹಿಡಿದು ಎಲ್ಲ ಕಡೆ ಸಹಿಗೆ ತಿರುಗಬೇಕು. ಸ್ಟೋರು, ಕ್ಯಾಂಟೀನು, ಲೈಬ್ರರಿ. ಅವರು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬಂದರು. ಮುಖ್ಯ ಗ್ರಂಥಪಾಲಕರು ರಜೆಯಲ್ಲಿದ್ದರು. ಮೀರಠದ ಹುಡುಗ ಚಹಾಕ್ಕೆ ಹೋಗಿದ್ದ. ಬಲಗೈ ಈಗ ಜೇಬಿನಲ್ಲಿರಲಿಲ್ಲ. ಅದರಲ್ಲೇ ಫಾರಂ ಹಿಡಿದಿದ್ದರು, ಕಾಗದ ಸದ್ದು ಮಾಡುತ್ತಿತ್ತು. ನಾನು ರಿಜಿಸ್ಟರು ತೆಗೆದು ನೋಡಿದೆ. ಅವರ ಹೆಸರಿನಲ್ಲಿ ಒಂದು ಪುಸ್ತಕವೂ ಬಾಕಿ ಇರಲಿಲ್ಲ. ಗ್ರಂಥಪಾಲಕರ ಪರವಾಗಿ ಸಹಿ ಹಾಕಿ ಅವರತ್ತ ಸರಿಸಿದೆ. ಅವರೂ ಒಂದು ಕಡೆ ಸಹಿ ಹಾಕಬೇಕಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಹಾಕಿದರು. ಸಹಿ ಗೆರೆಯ ಒಳಗೆ ನಿಲ್ಲಲಿಲ್ಲ. ನಾನು ಬೇರೆಡೆ ನೋಡಲಿಲ್ಲ, ನೋಡಬಹುದಿತ್ತು.

ಫಾರಂ ಮಡಚಿ ಜೇಬಿಗಿಟ್ಟರು. ಹೋಗಲಿಲ್ಲ.

"ಆ ಸರ್ಚು, ವಾರ ವಾರ ಬರುತ್ತಲ್ಲ, ಅದು ಇನ್ನೂ ಬರ್ತಿದೆಯೇನಮ್ಮ?" ಅಂದರು. ಕನ್ನಡದಲ್ಲೇ. ಆದರೆ ದನಿ ತಗ್ಗಿಸಲಿಲ್ಲ.

"ಯಾವುದು ಸರ್?"

"ಅದೇ. ನಂದು. ಈಗ ಎಲ್ಲರಿಗೂ ಗೊತ್ತಲ್ಲ, ಮುಚ್ಚಿಡೋದು ಏನಿದೆ? ಮೈಸೂರಿಗೆ ಹೋಗ್ತಿದೀನಿ. ಅಲ್ಲಿ ನನಗೆ ಇದನ್ನೆಲ್ಲ ಹುಡುಕಿಕೊಡೋರು ಯಾರೂ ಇಲ್ಲ. ಹೊಸದೇನಾದ್ರೂ ಬಂದ್ರೆ ನನ್ನ ಮನೆ ಈಮೇಲಿಗೆ ಬರೋ ಹಾಗೆ ಮಾಡಿಕೊಡೋಕಾಗುತ್ತಾ?" ಒಂದು ಚೀಟಿ ಕೌಂಟರಿನ ಮೇಲಿಟ್ಟರು. ಈಮೇಲ್ ವಿಳಾಸ ಬರೆದು ತಂದಿದ್ದರು. ಹೆಂಡತಿಯೋ ಮಗಳೋ ಬರೆದದ್ದಿರಬೇಕು, ಅಕ್ಷರ ದುಂಡಗಿತ್ತು.

"ಅಳಿಸಿಬಿಟ್ಟೆ ಸರ್" ಅಂದೆ. "ನಾಲ್ಕೂ ಅಳಿಸಿಬಿಟ್ಟೆ. ಏನೂ ಉಳಿದಿಲ್ಲ."

ಅವರು ಚೀಟಿಯನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು. ನನ್ನ ಮೇಲೆ ಕೂಗಾಡುತ್ತಾರೆಂದು ಕಾದೆ. ಕೂಗಾಡಿದ್ದರೆ ಎಷ್ಟು ಚೆನ್ನಾಗಿತ್ತು!

"ಹೌದಲ್ಲ" ಅಂದರು. "ಅಳಿಸು ಅಂತ ನಾನೇ ಹೇಳಿದ್ದೆ."

ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಂಡು ಹೋದರು. ಚೀಟಿ ಅಲ್ಲೇ ಇತ್ತು. ಆ ಹುಡುಕಾಟದ ಒಂದೊಂದು ಪದವೂ ನನಗೆ ಬಾಯಿಪಾಠವಿತ್ತು, ಯಾವುದರ ನಂತರ ಯಾವುದು ಅನ್ನುವುದೂ. ಮತ್ತೆ ಕಟ್ಟಿ, ವಿಳಾಸ ಹಾಕಿ, ಉಳಿಸಲು ಹತ್ತು ನಿಮಿಷ ಸಾಕಿತ್ತು. ಅದು ಹತ್ತು ನಿಮಿಷದ ಕೆಲಸ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ, ಮಾಡಲೂ ಇಲ್ಲ.